ಉಸಿರಿನ ಎಂಜಲು

ನಮ್ಮ ಜನರು ಎಂಜಲಿನ ವಿಷಯದಲ್ಲಿ ಬಹಳ ಸೂಕ್ಷ್ಮರು. ಒಬ್ಬನು ಕಚ್ಚಿದ ಹಣ್ಣನ್ನು ಇನ್ನೊಬ್ಬನು ತಿನ್ನಲಾರನು. ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತಿ ನೀರು ಕುಡಿಯುವದನ್ನು ಮನೆಯ ಕೂಸಿಗೂ ಕಲಿಸುತ್ತೇವೆ. ಉಂಡ ಎಡೆಯನ್ನು ತೆಗೆದು, ನೆಲವನ್ನು ಒರಸಿದ ಹೊರತು ಆ ಸ್ಥಳದಲ್ಲಿ ಬೇರೊಬ್ಬರನ್ನು ಊಟಕ್ಕೆ ಕೂಡ್ರಿಸುವದಿಲ್ಲ. ಆದರೆ ಇದೇ ಜನರು ಮಾಗಿಯ ರಾತ್ರಿಯಲ್ಲಿ ಬಾಗಿಲು ಕಿಡಕಿಗಳನ್ನು ಭದ್ರವಾಗಿ ಮುಚ್ಚಿಕೊಂಡು, ಒಂದೇ ಕೋಣೆಯಲ್ಲಿ ಏಳೆಂಟು ಮಂದಿ ಮಲಗಿ, ಒಬ್ಬರ ಒಡಲಿನಿಂದ ಹೊರಬಿದ್ದ ಗಾಳಿಯನ್ನು ಇನ್ನೊಬ್ಬರು ಬೆಳಗಾಗುವವರೆಗೆ ಒಳಗೆ ಸೇದಿಕೊಳ್ಳುತ್ತಿರುತ್ತಾರೆ. ಎಂಜಲೆಂಬದು ಬಾಯಿಗೆ ಮಾತ್ರವೇ ಉಂಟೆ, ಉಸಿರಿಗೆ ಇಲ್ಲವೆ?

ಇದು ವೈದ್ಯರ ಪ್ರಶ್ನೆಯೆಂದು ವಾಚಕರು ಭಾವಿಸಬಹುದು. ವೈದ್ಯರದೂ ಹೌದು. ಆದರೆ ಇದರ ತಳದಲ್ಲಿ ಒಂದು ಧರ್ಮದ ಪ್ರಶ್ನೆಯು ಅಡಗಿದೆ. ನಾನು ಯಾರಿಗೂ ಕೇಡು ಬಯಸದೆ, ಯಾವ ಕೆಲಸವನ್ನೂ ಮಾಡದೆ, ಸುಮ್ಮನೆ ಕುಳಿತು ಉಸಿರಾಡಿದ ಮಾತ್ರಕ್ಕೆ ಮಗ್ಗುಲಲ್ಲಿರುವವನಿಗೆ ಹಾನಿಯಾಗುವದಾದರೆ, ಆ ಹಾನಿಯ ಹೊಣೆಯು ಯಾರದು? ಉಸಿರಾಡುವದನ್ನು ಬಿಡೆಂದು ಯಾವ ಶಾಸ್ತ್ರವೂ ಹೇಳಲಾರದು. ಹಾನಿಯಾದರೂ ಚಿಂತೆಯಿಲ್ಲವೆಂದು ಯಾವ ಸಜ್ಜನನೂ ಹೇಳಲಾರನು. ಇವೆರಡರ ನಡುವೆ ಗೃಹಸ್ಥನ ಕರ್ತವ್ಯವೇನೆಂಬದನ್ನು ವಿಚಾರಿಸುವದೇ ಪ್ರಕೃತ ಲೇಖನದ ಉದ್ದೇಶವು.

ಮೊದಲು ಉಸಿರಿನ ಲೆಕ್ಕವನ್ನು ನೋಡೋಣ. ಹೊರಗಿನ ತೆರವಾದ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡೆಂಬ ವಾಯುವು ಈಗ ಸುಮಾರು 420 ಭಾಗಗಳಷ್ಟಿದೆ. ನಾವು ಬಿಡುವ ಉಸಿರಿನಲ್ಲಿಯಾದರೋ ಅದು ಸುಮಾರು 40,000 ಭಾಗಗಳಷ್ಟು ಇರುತ್ತದೆ. ಆದಕಾರಣ ಒಂದು ಕೋಣೆಯಲ್ಲಿ ಈ ವಾಯುವು ಎಷ್ಟು ಹೆಚ್ಚಿದೆಯೆಂದು ಅಳೆದರೆ, ಅಲ್ಲಿಯ ಗಾಳಿಯಲ್ಲಿ ಇತರರ ಪುಪ್ಪುಸಗಳನ್ನು ಹೊಕ್ಕು ಬಂದ ಪಾಲೆಷ್ಟೆಂಬದು ತಿಳಿಯುತ್ತದೆ. ಈ ಉಪಾಯವು ಹೊಸದಲ್ಲ. ಮ್ಯೂನಿಕ್ ನಗರದ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬ ಪಂಡಿತನು 1858ರಲ್ಲಿಯೇ ಇದನ್ನು ಹೇಳಿ, ಹತ್ತು ಲಕ್ಷಕ್ಕೆ 1,000 ಭಾಗಗಳನ್ನು ಮೀರಿದ ಕೋಣೆಯ ಗಾಳಿಯು ಒಳ್ಳೆಯದಲ್ಲವೆಂದು ಗೆರೆಯೆಳೆದನು. ಜನರು ಕಿಕ್ಕಿರಿದ, ಮುಚ್ಚಿದ ಕೋಣೆಯಲ್ಲಿ ಅದು 2,000ಕ್ಕೆ ಏರುವದು ಅಪರೂಪವೇನಲ್ಲ. ಹಾಗೆ ಏರಿದಲ್ಲಿ, ಗುಣಿಸಿ ನೋಡಿದರೆ, ನಾವು ಒಳಗೆಳೆಯುವ ಪ್ರತಿ ಇಪ್ಪತ್ತೈದು ಉಸಿರುಗಳಲ್ಲಿ ಒಂದು ಉಸಿರಿನಷ್ಟು ಗಾಳಿಯು ಅಲ್ಲಿಯವರ ಎಂಜಲೇ ಆಗಿರುತ್ತದೆ.

ಈ ಎಂಜಲು ಕೇವಲ ಅರುಚಿಯ ಮಾತಾಗಿದ್ದರೆ ಸಹಿಸಬಹುದಾಗಿತ್ತು. ಆದರೆ ಉಸಿರಿನೊಡನೆ, ಮಾತಿನೊಡನೆ, ಕೆಮ್ಮಿನೊಡನೆ, ಹಾಡಿನೊಡನೆ ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳು ಹೊರಬೀಳುತ್ತವೆ. ದೊಡ್ಡ ಹನಿಗಳು ನೆಲಕ್ಕೆ ಬಿದ್ದುಹೋಗುತ್ತವೆ. ಸಣ್ಣವು ಒಣಗಿ ಇನ್ನೂ ಹಗುರಾಗಿ, ಮುಚ್ಚಿದ ಕೋಣೆಯಲ್ಲಿ ತಾಸುಗಟ್ಟಲೆ ತೇಲಾಡಬಲ್ಲವು. ಅಮೇರಿಕೆಯ ವಿಲಿಯಂ ವೆಲ್ಸ್ ಎಂಬವನು 1934ರಲ್ಲಿ ಈ ತತ್ತ್ವವನ್ನು ಪ್ರತಿಪಾದಿಸಿದನು. 1950ರ ದಶಕದ ಕೊನೆಯಲ್ಲಿ ಬಾಲ್ಟಿಮೋರ್ ನಗರದಲ್ಲಿ ರಿಚರ್ಡ್ ರೈಲಿಯೂ ಅವನ ಸಂಗಡಿಗರೂ ಅದನ್ನು ಪರೀಕ್ಷಿಸಿದರು. ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಮೇಲಕ್ಕೊಯ್ದು, ಮಾಳಿಗೆಯ ಮೇಲಿನ ಗಿನಿಯಿಲಿಗಳ ಗೂಡುಗಳಿಗೆ ಬಿಡಲಾಯಿತು. ಆ ಪ್ರಾಣಿಗಳು ರೋಗಿಗಳನ್ನು ಕಂಡವಲ್ಲ, ಮುಟ್ಟಿದವಲ್ಲ. ಅವರ ಗಾಳಿಯನ್ನು ಮಾತ್ರ ಸೇವಿಸಿದವು, ಅಷ್ಟರಿಂದಲೇ ಕೆಲವಕ್ಕೆ ಕ್ಷಯವು ತಗಲಿತು. ನೇರಿಳಾತೀತ ಕಿರಣಗಳಿಂದ ಶುದ್ಧಗೊಳಿಸಿದ ಅದೇ ಗಾಳಿಯನ್ನು ಸೇವಿಸಿದ ಬೇರೆ ಪ್ರಾಣಿಗಳಿಗೆ ಏನೂ ಆಗಲಿಲ್ಲ.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಸಂಪೂರ್ಣವಾಗಿ ಅಜ್ಞರಾಗಿರಲಿಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಒಬ್ಬರಿಂದೊಬ್ಬರಿಗೆ ದಾಟುವ ರೋಗಗಳನ್ನು ಹೇಳುವಾಗ, ಸಹಭೋಜನ, ಸಹಶಯನಗಳೊಡನೆ ನಿಃಶ್ವಾಸವನ್ನೂ ಎಣಿಸಿದೆ. ಆ ರೋಗಗಳಲ್ಲಿ ಶೋಷವೆಂಬ ಕ್ಷಯವೂ ಇದೆ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ, ಬೇರೆ ಬೇರೆ ಪ್ರಕೃತಿಯ ಜನರು ಒಮ್ಮೆಲೇ ಒಂದೇ ವ್ಯಾಧಿಯಿಂದ ಏಕೆ ನಾಶವಾಗುತ್ತಾರೆಂಬ ಪ್ರಶ್ನೆಯನ್ನೆತ್ತಿ, ವಾಯು, ಉದಕ, ದೇಶ, ಕಾಲ ಎಂಬ ನಾಲ್ಕು ಎಲ್ಲರಿಗೂ ಸಾಧಾರಣವಾಗಿರುವದೇ ಕಾರಣವೆಂದೂ, ಅವು ಕೆಡುವದಕ್ಕೆ ಮೂಲವು ಅಧರ್ಮವೆಂದೂ ಉತ್ತರಕೊಟ್ಟಿದೆ. ಸೂಕ್ಷ್ಮಜೀವಿಗಳನ್ನು ಅವರು ಕಂಡಿರಲಿಲ್ಲ. ಕಂಡಿದ್ದರೆಂದು ಈಗ ಹೆಮ್ಮೆಪಡುವದು ಸತ್ಯಕ್ಕೆ ದೂರವು. ಆದರೆ ಸಾಧಾರಣವಾದ ವಸ್ತುವು ಕೆಟ್ಟರೆ ಅದು ಒಬ್ಬನ ದುರ್ದೈವವಲ್ಲ, ಎಲ್ಲರ ನಡತೆಯ ಫಲವೆಂಬ ಮಾತನ್ನು ಅವರು ಕಂಡಿದ್ದರು. ನಮಗೆ ಬೇಕಾದದ್ದು ಆ ಮಾತು.

ಈ ಮಾತಿನ ಸತ್ಯತೆಯು ನಮ್ಮ ಜಿಲ್ಲೆಗೆ ಬಹಳ ಕಠೋರವಾಗಿ ಅನುಭವಕ್ಕೆ ಬಂದಿತು. ಭಾರತದೇಶದಲ್ಲಿ ಕೋವಿಡ್ ರೋಗದಿಂದಾದ ಮೊದಲ ಮರಣವು 2020ರ ಮಾರ್ಚ ತಿಂಗಳಿನಲ್ಲಿ ನಮ್ಮ ಕಲಬುರಗಿಯ ವೃದ್ಧರೊಬ್ಬರದು. ಅವರ ಮನೆಯವರಲ್ಲೊಬ್ಬರಿಗೂ, ಅವರನ್ನು ಉಪಚರಿಸಿದ ವೈದ್ಯರೊಬ್ಬರಿಗೂ ಸೋಂಕು ತಗಲಿತು. ಸೇವೆ ಮಾಡಹೋದವರಿಗೇ ಮೊದಲು ಅಪಾಯವೆಂಬದು ಈ ರೋಗದ ಕ್ರೂರ ನ್ಯಾಯವು. ಅದೇ ವರ್ಷದ ಮೇ ತಿಂಗಳಿನಲ್ಲಿ ಮುಂಬಯಿ, ಪುಣೆಗಳಿಗೆ ಕೂಲಿಗೆಂದು ಹೋಗಿದ್ದ ನಮ್ಮವರು ಮರಳಿ ಬಂದರು. ಆಳಂದ, ಅಫಜಲಪುರಗಳು ಮಹಾರಾಷ್ಟ್ರದ ಗಡಿಗೆ ಹೊಂದಿದ ತಾಲೂಕುಗಳಾದ್ದರಿಂದ ಆ ಹೋಗಿಬರುವಿಕೆಯು ನಮಗೆ ತಲೆಮಾರುಗಳಿಂದ ಬಂದದ್ದು. ಬಂದವರನ್ನು ಜಿಲ್ಲೆಯ ಸರಕಾರಿ ಶಾಲೆಗಳಲ್ಲಿಯೂ ವಸತಿಗೃಹಗಳಲ್ಲಿಯೂ ಪ್ರತ್ಯೇಕವಾಗಿ ಇರಿಸಲಾಯಿತು. ಮನೆಗಳ ಬಾಗಿಲಿಗೆ ಚೀಟಿಗಳನ್ನು ಅಂಟಿಸಲಾಯಿತು. ಅಧಿಕಾರವುಳ್ಳವರ ವಿಶೇಷ ಆಜ್ಞೆಯಿಲ್ಲದೆ ಹಾಗೆ ಅಂಟಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರದಲ್ಲಿ ಹೇಳುವ ಹೊತ್ತಿಗೆ ಎಷ್ಟೋ ಕುಟುಂಬಗಳು ಓಣಿಯಲ್ಲಿ ತಲೆಯೆತ್ತದಂತಾಗಿದ್ದವು.

ನಾವು ಮಾಡಿದ್ದೇನೆಂದು ಶಾಂತಚಿತ್ತದಿಂದ ವಿಚಾರಿಸಬೇಕು. ಗಾಳಿಗೆ ಅಂಜಬೇಕಾದಲ್ಲಿ ಮನುಷ್ಯರಿಗೆ ಅಂಜಿದೆವು. ಕಾಯಿಪಲ್ಲೆಯನ್ನು ತೊಳೆದೆವು, ಹಣದ ನೋಟುಗಳನ್ನು ಒರಸಿದೆವು, ದೂರದೇಶದಿಂದ ಬಂದ ನೆರೆಯವನ ಮುಖವನ್ನು ನೋಡದಾದೆವು. ಆದರೆ ಕಿಡಕಿಯ ಅಗಳಿಯನ್ನು ತೆಗೆಯಲಿಲ್ಲ. ಇದರಲ್ಲಿ ಜನರ ತಪ್ಪೊಂದೇ ಇಲ್ಲ. ಲೋಕದ ಆರೋಗ್ಯ ಸಂಸ್ಥೆಯೇ 2020ರ ಮಾರ್ಚದಲ್ಲಿ ಈ ರೋಗವು ಗಾಳಿಯಿಂದ ಹಬ್ಬುವದಲ್ಲವೆಂದು ಸಾರಿತ್ತು. ಆ ವರ್ಷದ ಜುಲೈದಲ್ಲಿ 239 ಮಂದಿ ವಿಜ್ಞಾನಿಗಳು ಬಹಿರಂಗ ಪತ್ರದಿಂದ ಎಚ್ಚರಿಸಿದ ಮೇಲೆ, ಸ್ವಲ್ಪ ಸ್ವಲ್ಪವಾಗಿ 2021ರಲ್ಲಿ ಅದು ತನ್ನ ಮಾತನ್ನು ತಿದ್ದಿಕೊಂಡಿತು. ತಿದ್ದಿಕೊಂಡದ್ದು ದೊಡ್ಡ ಗುಣವೇ. ಆದರೆ ಮೊದಲ ಮಾತು ಮುಟ್ಟಿದಷ್ಟು ದೂರಕ್ಕೆ ತಿದ್ದಿದ ಮಾತು ಮುಟ್ಟಲಿಲ್ಲ. ಇಂದಿಗೂ ನಮ್ಮಲ್ಲಿ ಕೈತೊಳೆಯುವದನ್ನು ನೆನಪಿಟ್ಟವರು ಬಹಳ, ಕಿಡಕಿ ತೆರೆಯುವದನ್ನು ನೆನಪಿಟ್ಟವರು ವಿರಳ.

ಇನ್ನು ಹೊಣೆಯ ಪ್ರಶ್ನೆಗೆ ಬರೋಣ. ಸೋಂಕಿರುವದು ತನಗೇ ಗೊತ್ತಿಲ್ಲದವನು ಮಗ್ಗುಲಿನವನಿಗೆ ಅದನ್ನು ಕೊಟ್ಟರೆ ಪಾಪವುಂಟೆ? ಸಂಕಲ್ಪವಿಲ್ಲದಲ್ಲಿ ದೋಷವಿಲ್ಲವೆಂದು ಕೆಲವರು ಅನ್ನುವರು. ಫಲವು ಕೆಟ್ಟದಾದರೆ ದೋಷವುಂಟೇ ಉಂಟೆಂದು ಕೆಲವರು ಅನ್ನುವರು. ನಮ್ಮ ಸ್ಮೃತಿಕಾರರು ಇವೆರಡರ ನಡುವೆ ಒಂದು ಮೂರನೆಯ ದಾರಿಯನ್ನು ತೋರಿಸಿರುವರು. ಗೃಹಸ್ಥನ ಮನೆಯಲ್ಲಿ ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು ಒನಕೆ, ನೀರಿನ ಕೊಡ ಎಂಬ ಐದು ಹಿಂಸಾಸ್ಥಾನಗಳುಂಟೆಂದೂ, ಇವುಗಳಿಗೆ ಪಂಚಸೂನೆಗಳೆಂದು ಹೆಸರೆಂದೂ ಹೇಳಿದ್ದಾರೆ. ಅಡಿಗೆ ಮಾಡುವವಳು ಹುಳುಹುಪ್ಪಡಿಗಳನ್ನು ಕೊಲ್ಲಬೇಕೆಂದು ಒಲೆ ಹೊತ್ತಿಸುವದಿಲ್ಲ. ಆದರೂ ಅವು ಸಾಯುತ್ತವೆ. ಇದಕ್ಕಾಗಿ ಶಾಸ್ತ್ರವು ಅವಳನ್ನು ಕೊಲೆಗಾರಳೆಂದು ಕರೆಯಲಿಲ್ಲ, ಒಲೆಯನ್ನು ಆರಿಸೆಂದೂ ಹೇಳಲಿಲ್ಲ. ಬದುಕಿರುವದರಿಂದಲೇ ತಗಲುವ ಈ ಋಣಕ್ಕೆ ಪ್ರತಿಯಾಗಿ ದಿನಾಲು ಮಾಡತಕ್ಕ ಐದು ಕರ್ತವ್ಯಗಳನ್ನು ವಿಧಿಸಿತು. ಅತಿಥಿಸತ್ಕಾರವೂ ಭೂತದಯೆಯೂ ಅವುಗಳಲ್ಲಿ ಸೇರಿವೆ.

ಈ ವ್ಯವಸ್ಥೆಯ ಸೊಗಸನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಇಲ್ಲಿ ಅಪರಾಧಿಯನ್ನು ಹುಡುಕುವ ಗೊಡವೆಯಿಲ್ಲ. ನನಗೆ ಸಂಬಂಧವಿಲ್ಲವೆಂದು ಕೈತೊಳೆದುಕೊಳ್ಳುವ ಅವಕಾಶವೂ ಇಲ್ಲ. ದೋಷವು ಯಾರ ಮೇಲೂ ಇಲ್ಲ, ಕರ್ತವ್ಯವು ಎಲ್ಲರ ಮೇಲೂ ಇದೆ. ಮುಚ್ಚಿದ ಕೋಣೆಯ ಉಸಿರನ್ನು ಆರನೆಯ ಸೂನೆಯೆಂದು ಎಣಿಸಿದರೆ ನಮ್ಮ ಪ್ರಶ್ನೆಯು ಬಗೆಹರಿಯುತ್ತದೆ. ಯಾರಿಂದ ಯಾರಿಗೆ ಬಂದಿತೆಂದು ಬೆರಳು ತೋರಿಸುವದು ಬೇಡ. ಕೂಡಿ ಇರುವವರೆಲ್ಲರೂ ಕೂಡಿ ಇರುವ ಗಾಳಿಯನ್ನು ದಿನಾಲು ತಿಳಿಗೊಳಿಸತಕ್ಕದ್ದು. ಕಸಬರಿಗೆಯಿಂದ ಅಂಗಳವನ್ನು ಗುಡಿಸುವಂತೆ ಕೋಣೆಯ ಗಾಳಿಯನ್ನು ಗುಡಿಸುವದೂ ನಿತ್ಯಕರ್ಮವೇ.

ಗಾಳಿಯ ಒಡೆತನವನ್ನು ಕುರಿತೂ ಒಂದು ಮಾತು ಹೇಳಬೇಕಾಗಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನ ಹೆಸರು ನಮ್ಮ ಜಿಲ್ಲೆಯ ಮರ್ತೂರಿನೊಂದಿಗೆ ಹೆಣೆದುಕೊಂಡಿದೆ. ಅವನ ಮಿತಾಕ್ಷರೆಯು ದಾಯವಿಭಾಗಕ್ಕೆ ದೇಶದ ಬಹುಭಾಗದಲ್ಲಿ ಪ್ರಮಾಣವಾಗಿ ನಡೆಯಿತು. ಅಣ್ಣತಮ್ಮಂದಿರು ಏನೇನನ್ನು ಹಂಚಿಕೊಳ್ಳಬೇಕೆಂದು ಹೇಳುವ ಆ ಗ್ರಂಥವು ಏನನ್ನು ಹಂಚಿಕೊಳ್ಳಲಾಗದೆಂಬದನ್ನೂ ಹೇಳುತ್ತದೆ. ಬಾವಿಯ ನೀರು, ಹೋಗಿಬರುವ ದಾರಿ ಇಂಥವು ಅವಿಭಾಜ್ಯಗಳಲ್ಲಿ ಸೇರಿವೆ. ಬಾವಿಯನ್ನು ಕಡಿದು ಪಾಲು ಹಾಕುವದಾಗದು, ಎಲ್ಲರೂ ಕೂಡಿ ಬಳಸತಕ್ಕದ್ದು. ಕೂಡಿ ಬಳಸುವ ಬಾವಿಯಲ್ಲಿ ನನ್ನ ಪಾಲಿನ ನೀರನ್ನು ಮಾತ್ರ ಕೆಡಿಸಿದೆನೆಂದು ಒಬ್ಬನು ಹೇಳಿದರೆ ಪಂಚರು ನಕ್ಕಾರು. ಮನೆಯೊಳಗಿನ ಗಾಳಿಯು ಆ ಬಾವಿಗಿಂತಲೂ ಹೆಚ್ಚು ಅವಿಭಾಜ್ಯವಾದದ್ದು.

ಆದರೆ ಬಾವಿಯ ಹೆಸರೆತ್ತಿದಾಗ ಇನ್ನೊಂದು ಸಂಗತಿಯನ್ನು ನುಂಗಿಕೊಂಡು ಮುಂದೆ ಹೋಗುವದು ಪ್ರಾಮಾಣಿಕತನವಲ್ಲ. ಅಣ್ಣತಮ್ಮಂದಿರಲ್ಲಿ ಅವಿಭಾಜ್ಯವೆಂದ ನೀರನ್ನು ನಾವು ಜಾತಿಜಾತಿಗಳಲ್ಲಿ ಹರಿದು ಹಂಚಿದೆವು. ಬಾವಿಗೆ ಕಾವಲಿಟ್ಟು, ಬಾಯಾರಿದವರನ್ನು ದೂರ ನಿಲ್ಲಿಸಿದೆವು. ಎಂಜಲು ಮೈಲಿಗೆಗಳ ಸೂಕ್ಷ್ಮತೆಯು ಮನುಷ್ಯನನ್ನು ಮನುಷ್ಯನಿಂದ ದೂರವಿಡುವ ಶಸ್ತ್ರವಾಯಿತು. ಗಾಳಿಯೊಂದು ಮಾತ್ರ ನಮ್ಮ ಕೈಗೆ ಸಿಗಲಿಲ್ಲ. ಮೇಲಿನ ಓಣಿ, ಕೆಳಗಿನ ಓಣಿಯೆಂಬ ಭೇದವನ್ನು ಅದು ಎಂದೂ ಒಪ್ಪಲಿಲ್ಲ. ಆದಕಾರಣ ಉಸಿರಿನ ಎಂಜಲೆಂಬ ಮಾತನ್ನು ನಾನು ಬಳಸುವಾಗ ಅದು ಎಲ್ಲರ ಉಸಿರಿಗೂ ಸಮನಾಗಿ ಅನ್ವಯಿಸುವದೆಂದು ತಿಳಿಯತಕ್ಕದ್ದು. ಪಂಡಿತನ ಉಸಿರು ಶುದ್ಧ, ಕೂಲಿಯವನದು ಅಶುದ್ಧ ಎಂಬದಿಲ್ಲ. ಇಲ್ಲಿ ದೂರವಿಡಬೇಕಾದದ್ದು ಯಾವ ಮನುಷ್ಯನನ್ನೂ ಅಲ್ಲ, ಹಳಸಿದ ಗಾಳಿಯನ್ನು.

ನಮ್ಮ ಮನೆಗಳು ಹೇಗಿವೆ? ಆಳಂದ, ಅಫಜಲಪುರ, ಜೇವರ್ಗಿಗಳ ಹಳೆಯ ಮನೆಗಳಿಗೆ ದಪ್ಪನ್ನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಒಳಗೆ ಕತ್ತಲೆ. ಬೇಸಿಗೆಯ ಬಿಸಿಲಿಗೂ ಕಳ್ಳಕಾಕರ ಭಯಕ್ಕೂ ಅಂಜಿ ಕಟ್ಟಿದ ಮನೆಗಳವು. ಗೋಡೆಗೆ ಕಿಡಕಿಗಳು ಕಡಿಮೆ. ಆದರೆ ದೊಡ್ಡ ಮನೆಗಳಲ್ಲಿ ನಡುವೆ ತೆರೆದ ಅಂಗಳವಿತ್ತು, ಮಾಳಿಗೆಯಲ್ಲಿ ಬೆಳಕಿಂಡಿಯಿತ್ತು. ಉಸಿರಿನಿಂದಲೂ ಒಲೆಯಿಂದಲೂ ಬಿಸಿಯಾದ ಗಾಳಿಯು ಹಗುರಾಗಿ ಮೇಲೇರಿ ಬೆಳಕಿಂಡಿಯಿಂದ ಹೊರಬೀಳುತ್ತಿತ್ತು, ಅದರ ತೆರವಿಗೆ ಬಾಗಿಲಿನಿಂದ ಹೊಸ ಗಾಳಿಯು ಬರುತ್ತಿತ್ತು. ಈಗ ಅಂಗಳವನ್ನು ಮುಚ್ಚಿ ಕೋಣೆಯನ್ನು ಮಾಡಿದೆವು. ಮಣ್ಣಿನ ಮಾಳಿಗೆಯ ಬದಲು ಸಿಮೆಂಟಿನ ಛತ್ತನ್ನು ಹಾಕಿ ಬೆಳಕಿಂಡಿಯನ್ನು ಮರೆತೆವು. ಸಂಸ್ಕೃತದಲ್ಲಿ ಕಿಡಕಿಗೆ ವಾತಾಯನವೆಂದು ಹೆಸರು. ವಾತದ ಅಯನ, ಎಂದರೆ ಗಾಳಿಯ ದಾರಿ. ಇಂಗ್ಲಿಷರ ವಿಂಡೋ ಎಂಬ ಶಬ್ದವೂ ಗಾಳಿಯ ಕಣ್ಣೆಂಬ ಅರ್ಥದ ಹಳೆಯ ಉತ್ತರದೇಶದ ಮಾತಿನಿಂದ ಬಂದಿದೆ. ನಮ್ಮ ಹೊಸ ಮನೆಗಳ ಕಿಡಕಿಗಳಿಗೆ ಗಾಜು ಬಂದಿತು, ಪರದೆ ಬಂದಿತು. ಹೆಸರಿನ ಅರ್ಥವು ಮಾತ್ರ ಹೊರಟುಹೋಯಿತು.

ನಾವು ಕಿಡಕಿಯನ್ನು ದ್ವೇಷದಿಂದ ಮುಚ್ಚುವದಿಲ್ಲ. ಬಹುಮಟ್ಟಿಗೆ ಪ್ರೀತಿಯಿಂದಲೇ ಮುಚ್ಚುತ್ತೇವೆ. ಬಾಣಂತಿಗೆ ಗಾಳಿ ತಾಗಬಾರದೆಂದು ಸಂದುಗಳಿಗೂ ಅರಿವೆ ತುರುಕಿ, ಹೊರಸಿನ ಕೆಳಗೆ ಕೆಂಡವಿಟ್ಟು, ಎಳೆಗೂಸನ್ನು ಹೊಗೆಯಲ್ಲಿ ಮಲಗಿಸುತ್ತೇವೆ. ಹಿರಿಯರು ಜಡ್ಡಿನಲ್ಲಿ ಮಲಗಿದರೆ ಬಾಗಿಲು ಮರೆಮಾಡುತ್ತೇವೆ. ಮಾತಾಡಿಸಲು ಬಂದ ಬೀಗರು ಬಿಜ್ಜರು ಇಪ್ಪತ್ತು ಮಂದಿ ಆ ಕೋಣೆಯಲ್ಲಿಯೇ ಕೂಡುತ್ತಾರೆ. ಪ್ರೀತಿಯಿದ್ದಲ್ಲಿ ವಿವೇಕವು ತಾನಾಗಿ ಬರುವದೆಂಬ ನಂಬಿಗೆಯು ಸುಳ್ಳೆಂಬದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ. ರೋಗಿಯು ಸೇವಿಸುವ ಗಾಳಿಯನ್ನು, ಅವನಿಗೆ ಚಳಿಯಾಗದಂತೆ, ಹೊರಗಿನ ಗಾಳಿಯಷ್ಟು ಶುದ್ಧವಾಗಿಡುವದೇ ಶುಶ್ರೂಷೆಯ ಮೊದಲನೆಯ ನಿಯಮವೆಂದು ಫ್ಲಾರೆನ್ಸ್ ನೈಟಿಂಗೇಲಳು 1859ರಲ್ಲಿಯೇ ಬೋಧಿಸಿದ್ದಳು. ಚಳಿಯಾದರೆ ಹೊದಿಕೆ ಹೆಚ್ಚಿಸಬೇಕಲ್ಲದೆ ಗಾಳಿಯನ್ನು ಕಡಿಮೆಮಾಡಬಾರದು.

ಆಕ್ಷೇಪಗಳು ಇಲ್ಲವೆಂದಲ್ಲ. ವೈಶಾಖದ ನಡುಹಗಲಿನಲ್ಲಿ ಕಿಡಕಿ ತೆರೆದರೆ ಉರಿಗಾಳಿಯು ಒಳಗೆ ನುಗ್ಗುತ್ತದೆ, ಸಂಜೆಗೆ ಸೊಳ್ಳೆಗಳು, ರಾಶಿಯ ಕಾಲಕ್ಕೆ ತೊಗರಿಯ ಹೊಟ್ಟು, ಧೂಳು, ರಾತ್ರಿ ಕಳ್ಳರ ಭಯ. ಇವೆಲ್ಲ ನಿಜವಾದ ತೊಂದರೆಗಳೇ. ಆದರೆ ಉಪಾಯಗಳೂ ಇವೆ. ಉರಿಬಿಸಿಲಿನ ನಾಲ್ಕೈದು ತಾಸು ಮುಚ್ಚಿ, ನಸುಕಿನಲ್ಲಿಯೂ ಇಳಿಹೊತ್ತಿನಲ್ಲಿಯೂ ರಾತ್ರಿಯಲ್ಲಿಯೂ ತೆರೆಯಬಹುದು. ಕಿಡಕಿಗೆ ಸರಳನ್ನೂ ಸಣ್ಣ ಜಾಳಿಗೆಯನ್ನೂ ಹಾಕಿಸಬಹುದು. ಒಂದೇ ಗೋಡೆಯಲ್ಲಿ ದೊಡ್ಡ ಕಿಡಕಿಯಿಡುವದಕ್ಕಿಂತ ಎದುರುಬದುರಿನ ಗೋಡೆಗಳಲ್ಲಿ ಎರಡು ಸಣ್ಣವನ್ನಿಡುವದು ಲೇಸು, ಗಾಳಿಗೆ ಬರುವ ದಾರಿಯಂತೆ ಹೋಗುವ ದಾರಿಯೂ ಬೇಕು. ಪಂಖಾ ತಿರುಗಿಸಿದರೆ ಸಾಕೆಂಬದು ಭ್ರಾಂತಿಯು, ಮುಚ್ಚಿದ ಕೋಣೆಯಲ್ಲಿ ಅದು ಇದ್ದ ಗಾಳಿಯನ್ನೇ ಕಲಕುತ್ತದೆ. ಮನೆಗಳಲ್ಲಿಯ ತಂಪುಯಂತ್ರವೂ ಸಾಮಾನ್ಯವಾಗಿ ಒಳಗಿನ ಗಾಳಿಯನ್ನೇ ತಂಪುಮಾಡಿ ತಿರುಗಿ ಕೊಡುತ್ತದೆ. ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ಅಳೆದು 2007ರಲ್ಲಿ ಪ್ರಕಟಿಸಿದ ಫಲವು ವಿಚಾರಾರ್ಹವಾಗಿದೆ. ಯಂತ್ರದಿಂದ ಗಾಳಿ ಬರುವ ಕೋಣೆಗಳಲ್ಲಿ ತಾಸಿಗೆ 12 ಸಾರೆ ಗಾಳಿಯು ಬದಲಾದರೆ, ಬಾಗಿಲು ಕಿಡಕಿಗಳನ್ನು ತೆರೆದಿಟ್ಟ ಕೋಣೆಗಳಲ್ಲಿ ಸುಮಾರು 28 ಸಾರೆ ಬದಲಾಗುತ್ತಿತ್ತು. ಅದರಲ್ಲಿಯೂ 1950ಕ್ಕೆ ಮುಂಚಿನ, ಎತ್ತರದ ಛತ್ತು, ವಿಶಾಲ ಕಿಡಕಿಗಳುಳ್ಳ ಹಳೆಯ ಕಟ್ಟಡಗಳೇ ಮೇಲಾಗಿದ್ದವು.

ಆದರೆ ತೆರೆಯಲು ಕಿಡಕಿಯೇ ಇಲ್ಲದವರೇನು ಮಾಡಬೇಕು? ಇಲ್ಲಿಗೆ ಗೃಹಸ್ಥನ ಧರ್ಮವು ಮುಗಿದು ಸಮಾಜದ ಧರ್ಮವು ಪ್ರಾರಂಭವಾಗುತ್ತದೆ. ಒಂದೇ ಕೋಣೆಯ ಬಾಡಿಗೆಯ ಮನೆಯಲ್ಲಿ ಐವರಿರುವ ಕುಟುಂಬಕ್ಕೆ ವಾಯುಸಂಚಾರದ ಉಪದೇಶ ಮಾಡುವದು ಹಸಿದವನಿಗೆ ಪಥ್ಯ ಹೇಳಿದಂತೆ. ಮನೆಗಳನ್ನೂ ವಸತಿಗೃಹಗಳನ್ನೂ ಶಾಲೆಗಳನ್ನೂ ಕಟ್ಟಿಸುವವರು, ಕಲ್ಯಾಣಮಂಟಪಗಳ ಒಡೆಯರು, ಗಾಣಗಾಪುರಕ್ಕೆ ಬರುವ ದತ್ತಭಕ್ತರಿಗೂ ಆಳಂದದ ಲಾಡ್ಲೆ ಮಶಾಯಕರ ಉರುಸಿಗೆ ಬರುವ ಯಾತ್ರಿಕರಿಗೂ ಇಳಿದುಕೊಳ್ಳಲು ಸ್ಥಳ ಕೊಡುವವರು, ಇವರೆಲ್ಲರ ಹೊಣೆಯು ಬಳಸುವವರ ಹೊಣೆಗಿಂತ ದೊಡ್ಡದು. ವಾಸದ ಮನೆಗಳಲ್ಲದ ಕಟ್ಟಡಗಳಲ್ಲಿ ಪ್ರತಿಯೊಬ್ಬನಿಗೆ ಸೆಕೆಂದಿಗೆ 10 ಲೀಟರು ಹೊಸ ಗಾಳಿಯು ಬರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದೆ. ಇದು ನಾವು ಸುಮ್ಮನೆ ಕುಳಿತಾಗ ಉಸಿರಾಡುವದಕ್ಕಿಂತ ಸುಮಾರು ಎಂಬತ್ತು ಪಟ್ಟು ಹೆಚ್ಚು. ಕಟ್ಟುವಾಗ ಇಡದ ಕಿಡಕಿಯನ್ನು ಆಮೇಲೆ ಯಾವ ಉಪದೇಶವೂ ತೆರೆಯಲಾರದು.

ಕೋವಿಡಿನ ಕಾಲವು ಕಳೆಯಿತಲ್ಲ, ಇನ್ನೇಕೆ ಈ ಚಿಂತೆಯೆಂದು ಕೇಳುವವರಿಗೆ ಕ್ಷಯದ ಹೆಸರನ್ನು ನೆನಪಿಸುತ್ತೇನೆ. ಲೋಕದ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲೊಬ್ಬನು ಭಾರತೀಯನು. ನಮ್ಮ ದೇಶದಲ್ಲಿ ಅದರಿಂದ ವರ್ಷಕ್ಕೆ ಸುಮಾರು ಮೂರು ಲಕ್ಷ ಜನರು ಸಾಯುತ್ತಾರೆ. ಹೀಗಿದ್ದರೂ ಮನೆಗಳಲ್ಲಿ ಆ ಹೆಸರನ್ನು ಗಟ್ಟಿಯಾಗಿ ಉಚ್ಚರಿಸುವದಿಲ್ಲ. ಸೊಸೆಗೆ ಬಂದರೆ ತವರಿಗೆ ಕಳಿಸುವದು, ತಟ್ಟೆಲೋಟಗಳನ್ನು ಬೇರೆಯಿಡುವದು ಇನ್ನೂ ನಿಂತಿಲ್ಲ. 1956ರಲ್ಲಿ ಮದ್ರಾಸಿನಲ್ಲಿ ಸ್ಥಾಪಿತವಾದ ಕ್ಷಯಚಿಕಿತ್ಸಾ ಕೇಂದ್ರದವರು, ಕೆಲವು ರೋಗಿಗಳನ್ನು ಆರೋಗ್ಯಧಾಮದಲ್ಲಿಯೂ ಕೆಲವರನ್ನು ಅವರ ಬಡ ಮನೆಗಳಲ್ಲಿಯೂ ಇಟ್ಟು ಔಷಧ ಕೊಟ್ಟು ನೋಡಿದರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಗುಣಹೊಂದಿದರು. ಅವರ ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವೂ ಆಗಲಿಲ್ಲ. 1959ರಲ್ಲಿ ಪ್ರಕಟವಾದ ಈ ಫಲವು ಲೋಕದ ಚಿಕಿತ್ಸಾಕ್ರಮವನ್ನೇ ಬದಲಿಸಿತು. ಔಷಧಿಯು ಪ್ರಾರಂಭವಾಗುವದಕ್ಕೆ ಮೊದಲಿನ, ರೋಗವೆಂದು ಗೊತ್ತೇ ಆಗದ ದಿನಗಳಲ್ಲಿಯೇ ಸೋಂಕು ಬಹಳವಾಗಿ ಹಬ್ಬುತ್ತದೆ. ಗೊತ್ತಾದ ಮೇಲೆ ಸೊಸೆಯನ್ನು ಹೊರಗೆ ಕಳಿಸಿದರೆ ಏನು ಬಂದಂತಾಯಿತು? ಗೊತ್ತಾಗುವದಕ್ಕೆ ಮೊದಲು ಮನೆಯನ್ನು ಕಾಯಬಲ್ಲದ್ದು ದಿನಾಲು ತೆರೆದ ಕಿಡಕಿಯು. ಗೊತ್ತಾದ ಮೇಲೆ ಅವಳನ್ನೂ ಮನೆಯವರನ್ನೂ ಕಾಯಬಲ್ಲದ್ದು ಕ್ರಮವಾದ ಔಷಧಿಯು.

ಮನುಷ್ಯರನ್ನು ಹೊರಗಿಟ್ಟು ಗಾಳಿಯನ್ನು ಒಳಗೆ ಕೂಡಿಹಾಕುವದು ಒಂದು ರೀತಿ. ಮನುಷ್ಯರನ್ನು ಒಳಗಿಟ್ಟುಕೊಂಡು ಗಾಳಿಯನ್ನು ಹೊರಗೆ ಬಿಡುವದು ಇನ್ನೊಂದು ರೀತಿ. ಮೊದಲನೆಯದಕ್ಕೆ ಭಯವು ಸಾಕು, ಎರಡನೆಯದಕ್ಕೆ ವಿವೇಕವೂ ಸ್ವಲ್ಪ ಕಷ್ಟಸಹಿಷ್ಣುತೆಯೂ ಬೇಕು. ಮಾಗಿಯ ನಸುಕಿನಲ್ಲಿ ಜೇವರ್ಗಿಯಿಂದ ಕಲಬುರಗಿಗೆ ಹೊರಟ ಬಸ್ಸಿನಲ್ಲಿ ಐವತ್ತು ಮಂದಿಯ ಉಸಿರು ಒಂದೇ ಡಬ್ಬಿಯಲ್ಲಿರುತ್ತದೆ. ಕಿಡಕಿಯ ಗಾಜುಗಳು ಕಿಡಕಿಯ ಬಳಿ ಕುಳಿತ ಕೆಲವೇ ಮಂದಿಯ ಕೈಯಲ್ಲಿರುತ್ತವೆ. ಚಳಿಯು ತಾಗುವದು ಅವರಿಗೆ, ಗಾಳಿಯು ಸಿಗುವದು ಎಲ್ಲರಿಗೆ. ಅವರು ಕಿವಿಗೆ ವಲ್ಲಿಯನ್ನು ಸುತ್ತಿಕೊಂಡು ಗಾಜನ್ನು ನಾಲ್ಕು ಬೆರಳಿನಷ್ಟು ಸರಿಸಿ ಕುಳಿತರೆ, ಹಿಂದೆ ನಿಂತಿರುವ, ಹೆಸರೂ ಗೊತ್ತಿಲ್ಲದ ಒಬ್ಬ ಕೆಮ್ಮುವ ಮುದುಕಿಯ ಮತ್ತು ಅವಳ ಬಗಲಿನ ಕೂಸಿನ ಋಣವನ್ನು ತೀರಿಸಿದಂತಾಗುತ್ತದೆ. ಆ ಋಣವನ್ನು ಯಾರೂ ಬಂದು ಕೇಳುವದಿಲ್ಲ, ತೀರಿಸಿದ್ದಕ್ಕೆ ಯಾರೂ ಹೊಗಳುವದೂ ಇಲ್ಲ. ಆದರೂ ಅದು ತೀರಿಸತಕ್ಕ ಋಣವೇ ಸರಿ.